ವೇಷ ಕಳಚದ ಸಂಜೆ

ಆ ತರಬೇತಿ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಸೇರಿದವರು ಮೊದಮೊದಲು ಅದನ್ನು ಕಂಡು ಮುಸಿಮುಸಿ ನಗುತ್ತಿದ್ದರು, ಆಮೇಲೆ ತಾವೇ ಅದನ್ನು ತಪ್ಪದೆ ಮಾಡುತ್ತಿದ್ದರು. ಕುಡಿತದ, ಮಾತ್ರೆಯ, ಪುಡಿಯ ಚಟ ಹತ್ತಿದವರನ್ನು ಮಾತಾಡಿಸಿ, ಎಷ್ಟು ಆಳಕ್ಕಿಳಿದಿದ್ದಾರೆಂದು ತಿಳಿದು, ಮೇಲೆತ್ತುವ ಆಪ್ತಸಲಹೆಗಾರರಾಗಲು ಬಂದವರು ಅವರು. ಕೈ ಪಳಗಬೇಕಾದರೆ ಯಾರ ಮೇಲಾದರೂ ಪ್ರಯೋಗ ಮಾಡಲೇಬೇಕಲ್ಲ. ನಿಜವಾದ ರೋಗಿಗಳ ಮೇಲೆ ಮಾಡಿದರೆ ಪಾಪ ಸುತ್ತಿಕೊಳ್ಳುತ್ತದೆ. ಆದ್ದರಿಂದ ಒಬ್ಬರ ಮೇಲೊಬ್ಬರು ಮಾಡುತ್ತಿದ್ದರು. ಒಬ್ಬರು ಸಲಹೆಗಾರರಾಗಿ ಕೂತರೆ ಇನ್ನೊಬ್ಬರು ಕುಡುಕರಾಗಿ ಎದುರಿಗೆ ಕೂರುವುದು. ಮಾತು ಮುಗಿದ ಮೇಲೆ ಕುಡುಕರಾಗಿದ್ದವರು ಎದ್ದು, ತಾವು ಕೂತಿದ್ದ ಕುರ್ಚಿಗೆ ಒಂದು ಸುತ್ತು ಹಾಕಿ, ಎರಡೂ ಕೈ ಕೊಡವಿ, ತಾನು ಯಾರು, ತನ್ನ ಕೆಲಸ ಏನು, ಈಗ ಮನೆಗೆ ಹೋಗಿ ಏನು ಮಾಡುವುದು ಎಂಬುದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಅದಕ್ಕೆ ವೇಷ ಕಳಚುವುದು ಎಂದು ಹೆಸರು.

ಕಲಿಸುತ್ತಿದ್ದವರು ಮೇಡಂ. ಗಿಡ್ಡ ಹೆಂಗಸು, ಮೊದಲು ಮನೋರೋಗಿಗಳ ವಾರ್ಡಿನಲ್ಲಿ ನರ್ಸಾಗಿದ್ದವರು. ನಗು ಬೇಗ, ಸಿಟ್ಟು ಇನ್ನೂ ಬೇಗ. ಯಾರಾದರೂ ಕುರ್ಚಿ ಸುತ್ತಲು ಸೋಮಾರಿತನ ತೋರಿಸಿದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. "ಚಪ್ಪಲಿ ಬಿಟ್ಟು ಮನೆಗೆ ಹೋಗಿ, ಬೇಡ ಅನ್ನಲ್ಲ. ವೇಷ ಹಾಕ್ಕೊಂಡು ಮಾತ್ರ ಹೋಗ್ಬೇಡಿ" ಎನ್ನುತ್ತಿದ್ದರು. ಈರುಳ್ಳಿ ಹೆಚ್ಚಿದ ಕೈಯನ್ನು ತೊಳೆಯದೆ ಕಣ್ಣಿಗೆ ತಗಲಿಸಿಕೊಂಡರೆ ಏನಾಗುತ್ತದೆಯೋ ಅದೇ ಆಗುತ್ತದೆ ಎಂಬುದು ಅವರ ವಿವರಣೆ. ಅವರದು ಇನ್ನೊಂದು ಕಟ್ಟಪ್ಪಣೆಯೂ ಇತ್ತು: ಸ್ವಂತ ಮನೆಯವರ ವೇಷ ಹಾಕಬಾರದು, ಸ್ವಂತ ಮನೆಯವರಿಗೆ ಸಲಹೆಗಾರರಾಗಬಾರದು.

ಈ ಎರಡನೆಯ ಅಪ್ಪಣೆ ಕೇಳಿದ ದಿನ ಆಪರೇಟರಮ್ಮನ ಮುಖ ಸಣ್ಣಗಾಗಿತ್ತು. ಏಕೆಂದರೆ ಅವಳು ಈ ವಿದ್ಯೆ ಕಲಿಯಲು ಬಂದದ್ದೇ ಮನೆಯಲ್ಲಿದ್ದ ತಮ್ಮನಿಗಾಗಿ. ಲೋಕಕ್ಕೆ ಉಪಕಾರ ಮಾಡುವುದು, ಸರ್ಟಿಫಿಕೇಟು ತೆಗೆದುಕೊಳ್ಳುವುದು, ಅದೆಲ್ಲ ಕೇಳಿದವರಿಗೆ ಹೇಳುವ ಮಾತು. ಒಳಗಿನ ಮಾತು ಒಂದೇ: ಅವನು ಬದುಕಬೇಕು.

ಅವಳನ್ನು ಆಪರೇಟರಮ್ಮ ಎಂದು ಕರೆಯುತ್ತಿದ್ದದ್ದು ದೊಡ್ಡ ಆಸ್ಪತ್ರೆಯ ಟೆಲಿಫೋನಿನ ಮುಂದೆ ತಲೆ ನರೆಯುವವರೆಗೂ ಕೂತಿದ್ದಕ್ಕೆ. ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಇನ್ನೊಬ್ಬರ ಪರವಾಗಿ ಉತ್ತರ ಹೇಳುವುದೇ ಅವಳ ಕೆಲಸ. ಡಾಕ್ಟರು ರೌಂಡ್ಸಿನಲ್ಲಿದ್ದಾರೆ, ಸಿಸ್ಟರು ಊಟಕ್ಕೆ ಹೋಗಿದ್ದಾರೆ, ಪೇಷಂಟು ಮಲಗಿದ್ದಾರೆ, ನಾಳೆ ಮಾಡಿ. ಆ ಅಭ್ಯಾಸ ಮೈಗೆ ಹತ್ತಿಬಿಟ್ಟಿತ್ತು. ತರಗತಿಯಲ್ಲಿ ಎದುರು ಕೂತವರು "ನನಗೆ ಸಂಜೆ ಆಯ್ತು ಅಂದ್ರೆ..." ಎಂದು ಬಾಯಿ ತೆರೆದರೆ ಸಾಕು, "ಒಂಥರಾ ಸಂಕಟ ಆಗತ್ತೆ, ಅಲ್ವಾ?" ಎಂದು ಇವಳೇ ಮುಗಿಸುತ್ತಿದ್ದಳು. ಪ್ರೀತಿಯಿಂದಲೇ ಮುಗಿಸುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಮೇಡಂ ಒಂದು ದಿನ ಪೆನ್ನನ್ನು ಮೇಜಿನ ಮೇಲೆ ಕುಕ್ಕಿ, "ಅವರ ಬಾಯಲ್ಲಿ ನಿಮ್ಮ ನಾಲಿಗೆ ಯಾಕ್ರೀ?" ಎಂದು ಕೇಳಿದ್ದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮರುದಿನ ಮತ್ತೆ ಅದನ್ನೇ ಮಾಡಿದಳು.

ಮನೆಯಲ್ಲೂ ಅದೇ ಕಥೆ. ತಮ್ಮ ಲಿಫ್ಟ್ ಮೆಕ್ಯಾನಿಕ್ಕು, ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳು ಅವನ ಕೈಯಲ್ಲೇ ಹತ್ತಿ ಇಳಿಯುತ್ತಿದ್ದವು. ಅವನು ಕೆಲಸಕ್ಕೆ ಹೋಗದ ದಿನ ಕಂಪನಿಯಿಂದ ಫೋನ್ ಬಂದರೆ ಎತ್ತುತ್ತಿದ್ದವಳು ಅಕ್ಕ. ಜ್ವರ ಎನ್ನುತ್ತಿದ್ದಳು. ಹೊಟ್ಟೆನೋವು ಎನ್ನುತ್ತಿದ್ದಳು. ಮತ್ತೆ ಜ್ವರ ಎನ್ನುತ್ತಿದ್ದಳು. ಅವಳು ಹೇಳಿದ ಜ್ವರಗಳೆಲ್ಲ ನಿಜವಾಗಿದ್ದರೆ ಆ ತಮ್ಮ ಯಾವತ್ತೋ ಬೆಂದು ಬೂದಿಯಾಗಬೇಕಿತ್ತು. ಹೆಂಡತಿ ಬಿಟ್ಟುಹೋಗಿ, ಗಂಡ ತೀರಿಕೊಂಡಿದ್ದ ಈ ಅಕ್ಕನ ಮನೆಗೆ ಅವನು ಪೆಟ್ಟಿಗೆ ತಂದಿಟ್ಟ ಮೇಲೆ ಇದು ನಿತ್ಯದ ಪಾಠವಾಯಿತು. ಒಮ್ಮೆ ಅವಳು ತಾಳಲಾರದೆ ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಹುಡುಕಿ ಮೋರಿಗೆ ಚೆಲ್ಲಿ, ಅವನನ್ನು ರೂಮಿನಲ್ಲಿ ಕೂಡಿಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅವನಿಗೆ ಫಿಟ್ಸ್ ಬಂದು, ನಾಲಿಗೆ ಕಚ್ಚಿಕೊಂಡು, ನೆಲಕ್ಕೆ ತಲೆ ಬಡಿದುಕೊಂಡ. ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ನೋಡಿಕೊಂಡೇ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದ್ದೂ ಅವಳೇ: ಜ್ವರ ನೆತ್ತಿಗೇರಿತ್ತು, ಕುಡಿತ ಅಪರೂಪಕ್ಕೆ. ಡಾಕ್ಟರು ರಕ್ತದ ರಿಪೋರ್ಟು ನೋಡಿ, ಈ ಲಿವರು ಇನ್ನೊಂದು ಏಟು ತಡೆಯುವುದಿಲ್ಲ ಎಂದಷ್ಟೇ ಹೇಳಿ ಕಳುಹಿಸಿದರು. ಅದಾದ ಮೇಲೆ ಅವಳು ಕೆಲಸಕ್ಕೆ ದೀರ್ಘ ರಜೆ ಹಾಕಿ ಈ ತರಬೇತಿಗೆ ಬಂದಳು.

ಇನ್ನು ತಮಾಷೆ ಕೇಳಿ. ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದವನು ಆ ತಮ್ಮನೇ. ಸಂಜೆ ಊಟದ ಮೇಜಿಗೆ ಕೂತು, ಕೇಂದ್ರದವರು ಕೊಟ್ಟ ಕೈಪಿಡಿ ಬಿಡಿಸಿ, ಅವನು ಗಂಭೀರವಾಗಿ ಓದುವುದು. ಇವಳು, ರೋಗಿ ಹೀಗೆಂದರೆ ಮುಂದೇನು ಕೇಳಬೇಕು ಎಂಬುದನ್ನು ಒಪ್ಪಿಸುವುದು. ಕುಡಿಯಲು ಶುರುಮಾಡಿದ್ದು ಯಾವಾಗ? ಬಿಡಬೇಕೆಂದು ಎಂದಾದರೂ ಅನ್ನಿಸಿದೆಯೇ? ಕುರಿ ಕಾಯಲು ತೋಳನನ್ನು ಬಿಟ್ಟ ಹಾಗೆ. ಅವನ ಲೋಟ ಮೇಜಿನ ಕೆಳಗೆ, ಕಾಲಿನ ಬಳಿ ಇರುತ್ತಿತ್ತು. ಅದು ಅವಳಿಗೆ ಗೊತ್ತಿತ್ತು, ಅವಳಿಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು, ಇಬ್ಬರೂ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕುಗಳಾಗಿದ್ದರು. ಇಷ್ಟು ಹತ್ತಿರ ಕೂತೂ ಆ ಪ್ರಶ್ನೆಯನ್ನು ಒಮ್ಮೆಯಾದರೂ ಅವನ ಕಡೆ ತಿರುಗಿಸುವ ಎದೆ ಅವಳಿಗಿರಲಿಲ್ಲ.

ಆ ದಿನ ಆಪರೇಟರಮ್ಮನ ಎದುರಿಗೆ ಸಲಹೆಗಾರನಾಗಿ ಕೂತದ್ದು ಪೊಲೀಸಪ್ಪ. ಇಲಾಖೆಯಿಂದ ನಿವೃತ್ತನಾಗಿ, ಕೈ ಕಟ್ಟಿ ಕೂರಲಾರದೆ ಬಂದಿದ್ದ ಈ ಮನುಷ್ಯ ಮೊದಲ ದಿನಗಳಲ್ಲಿ ಮಾಡಿದ ಅನಾಹುತ ಒಂದೆರಡಲ್ಲ. ಬಾಟಲಿ ಎಲ್ಲಿ ಮುಚ್ಚಿಟ್ಟಿದ್ದೀಯ, ಜೊತೆಗಾರರು ಯಾರು ಯಾರು, ನಿಜ ಹೇಳು ಎಂದೆಲ್ಲ ಜಬರಿಸುತ್ತಿದ್ದ. ಇವರು ಪೇಷಂಟುಗಳು, ಕಳ್ಳರಲ್ಲ ಎಂದು ಮೇಡಂ ಹೇಳಿದರೆ, ಅಭ್ಯಾಸಬಲ ಎಂದು ಕಿವಿ ಹಿಡಿದುಕೊಳ್ಳುತ್ತಿದ್ದ. ಆದರೆ ಅವನು ಕಲಿತ. ಮುಖ್ಯವಾಗಿ ಸುಮ್ಮನೆ ಕಾಯುವುದನ್ನು ಕಲಿತ. ಪ್ರಶ್ನೆ ಕೇಳಿ, ಅಂಗೈಗಳನ್ನು ತೊಡೆಯ ಮೇಲೆ ಊರಿ, ಎದುರಿನವರ ಉಸಿರಿಗೆ ತನ್ನ ಉಸಿರು ಸೇರಿಸಿ ಕೂರುತ್ತಿದ್ದ.

ಆಪರೇಟರಮ್ಮ ಪ್ರತಿಸಲವೂ ಹಾಕುತ್ತಿದ್ದ ವೇಷ ಒಂದಿತ್ತು: ಗೋಡೆಗೆ ಬಣ್ಣ ಬಳಿಯುವ, ಸದಾ ಕೆಮ್ಮುವ ಒಬ್ಬ ಮುದುಕ, ಪೂರ್ತಿ ಅವಳ ಕಲ್ಪನೆ. ಅವತ್ತು ಆ ಬಣ್ಣದವನು ಎಷ್ಟು ಕರೆದರೂ ಬರಲಿಲ್ಲ. ಕಿಟಕಿಯ ಬಿಸಿಲು ಓರೆಯಾಗಿ ಬಿದ್ದು ಧೂಳಿನ ಕಣಗಳು ನಿಧಾನವಾಗಿ ತೇಲುತ್ತಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಹೇಗಿರುತ್ತದೆ ಎಂದು ಪೊಲೀಸಪ್ಪ ಮೆಲ್ಲಗೆ ಕೇಳಿ ಸುಮ್ಮನಾದ. ಆ ಮೌನದೊಳಗೆ ಅವಳ ಎಡಭುಜ ತಾನಾಗಿ ಇಳಿಬಿತ್ತು. ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗಿತು, ಅಂಟಿದ ಗ್ರೀಸನ್ನು ತೆಗೆಯುವ ಹಾಗೆ. ಅವಳ ಬೆರಳಿಗೆ ಹುಟ್ಟಿದಾಗಿನಿಂದ ಗ್ರೀಸು ತಾಗಿರಲಿಲ್ಲ.

"ಬೆಳಗ್ಗೆ ಅನ್ನೋದು ಯಾಕಾದ್ರೂ ಬರತ್ತೋ" ಎಂದಳು. ದನಿ ಅವಳದಾಗಿರಲಿಲ್ಲ. ತರಗತಿಯಲ್ಲಿ ಪೆನ್ನು ಆಡಿಸುತ್ತಿದ್ದವರು ಆಡಿಸುವುದನ್ನು ನಿಲ್ಲಿಸಿದರು. ಮೇಡಂ ಕನ್ನಡಕ ತೆಗೆದು ನೋಡಿದರು, ಏನೋ ಹೇಳಲು ಬಾಯಿ ತೆರೆದರು.

ಅಷ್ಟರಲ್ಲಿ ಹೊರಗಿನ ಮೊಗಸಾಲೆಯಲ್ಲಿ ಏನೋ ದೊಪ್ಪೆಂದು ಬಿತ್ತು, ಯಾರೋ ಹೆಂಗಸು ಚೀರಿದಳು. ಪಕ್ಕದ ಚಿಕಿತ್ಸಾ ವಿಭಾಗಕ್ಕೆಂದು ಕರೆತಂದಿದ್ದ ರೋಗಿಯೊಬ್ಬ ಬಾಗಿಲ ಬಳಿಯೇ ಸೆಟೆದು ಬಿದ್ದಿದ್ದ. ಮೇಡಂ ಓಡಿದರು, ಅವರ ಹಿಂದೆ ಪೊಲೀಸಪ್ಪ, ಅವನ ಹಿಂದೆ ಇಡೀ ತರಗತಿ. ಸ್ಟ್ರೆಚರು ಬಂತು, ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಗುಮಾಸ್ತ ಬಂದು, ಇವತ್ತಿಗೆ ಇಷ್ಟೇ, ಹೊರಡಿ ಎಂದು ಕಿಟಕಿ ಮುಚ್ಚತೊಡಗಿದ. ಬೇರೆ ದಿನವಾಗಿದ್ದರೆ ಮೇಡಂ ಬಾಗಿಲಿಗೆ ಅಡ್ಡ ನಿಂತಿರುತ್ತಿದ್ದರು. ಆಪರೇಟರಮ್ಮ ಚೀಲ ಹೆಗಲಿಗೇರಿಸಿ, ಕುರ್ಚಿಗೆ ಸುತ್ತು ಹಾಕದೆ, ಕೈ ಕೊಡವದೆ, ತಾನು ಯಾರೆಂದು ಯಾರಿಗೂ ಹೇಳದೆ ಬೀದಿಗಿಳಿದಳು.

ಬೀದಿ ದಿನವೂ ಇದ್ದದ್ದೇ. ಆದರೂ ಅದು ನೀರಿನೊಳಗಿಂದ ನೋಡಿದಂತೆ ಕಾಣುತ್ತಿತ್ತು. ಇಸ್ತ್ರಿ ಅಂಗಡಿಯಿಂದ ಹಬೆ ಹೊರಗೆ ಬಂದು, ದಾರಿಹೋಕರ ಮೊಣಕಾಲು ಸುತ್ತಿ, ಕರಗಿ ಹೋಗುತ್ತಿತ್ತು. ಚಮ್ಮಾರ ಒಂಟಿ ಬೂಟೊಂದನ್ನು ಮಡಿಲಲ್ಲಿಟ್ಟುಕೊಂಡು ಮಗುವನ್ನು ತಟ್ಟುವ ಹಾಗೆ ತಟ್ಟುತ್ತಿದ್ದ. ಬೇಕರಿಯ ಗಾಜಿನ ಹಿಂದೆ ಹುಡುಗಿಯೊಬ್ಬಳು ದೀಪ ಹಾಕಿದಳು, ಬೀದಿಯ ಆ ಬದಿಯೆಲ್ಲ ಒಮ್ಮೆಗೇ ಹಳದಿಯಾಯಿತು. ಅವಳು ನಡೆಯುತ್ತಿದ್ದಳು ಎನ್ನುವುದಕ್ಕಿಂತ ಅವಳ ಕಾಲು ಅವಳನ್ನು ನಡೆಸುತ್ತಿತ್ತು. ದಿನವೂ ಎಡಕ್ಕೆ ತಿರುಗುವ ಕಡೆ ಆ ಕಾಲು ಬಲಕ್ಕೆ ತಿರುಗಿತು. ಅದು ಅವಳ ದಾರಿಯಲ್ಲ, ತಮ್ಮನದು. ಕೈಕಾಲು ಹಗುರವಾಗಿದ್ದವು, ಗಂಟಲು ಮಾತ್ರ ಒಣಗಿ ಬಂದಿತ್ತು. ಆ ಒಣಗುವಿಕೆಯಲ್ಲಿ ಒಂದು ಸುಖವೂ ಇತ್ತು, ಹಬ್ಬದ ಹಿಂದಿನ ದಿನ ಮಕ್ಕಳಿಗಿರುವಂಥ ಸುಖ. ಸೇತುವೆಯ ಮೇಲೆ ನಿಂತು ಕೆಳಗಿನ ನೀರಿನಲ್ಲಿ ದೀಪಗಳು ಉದ್ದುದ್ದ ಎಳೆಯಾಗುವುದನ್ನು ನೋಡಿದಳು. ಮನೆಯಲ್ಲಿ ಅಕ್ಕ ಕಾಯುತ್ತಿರುತ್ತಾಳೆ ಎಂದು ಅವಳಿಗೆ ಅನ್ನಿಸಿತು. ಪಾಪ, ಅಕ್ಕ. ಹೇಳಿಕೊಂಡರೆ ಅವಳ ಎದೆ ಒಡೆಯುತ್ತದೆ. ಹೇಳದಿರುವುದೇ ವಾಸಿ.

ಹಾಗೆ ಅನ್ನಿಸಿದ್ದು ತನಗೆ ಎಂದು ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಕನಸಿನಲ್ಲಿ ನಮಗೆ ಯಾವುದಕ್ಕೂ ಆಶ್ಚರ್ಯವಾಗುವುದಿಲ್ಲವಲ್ಲ.

ಸೇತುವೆ ಇಳಿದ ಕೂಡಲೇ ಕಂಬಿ ಕಿಟಕಿಯ ಅಂಗಡಿ. ಮುಂದೆ ನಾಲ್ಕೈದು ಗಂಡಸರ ಸಾಲು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆಸ್ಪತ್ರೆಯ ಔಷಧಿ ಕೌಂಟರಿನ ಮುಂದೆಯೂ ಜನ ಹೀಗೇ ನಿಲ್ಲುತ್ತಾರೆ, ಇಷ್ಟೇ ಸೌಮ್ಯವಾಗಿ. ಅವಳೂ ನಿಂತಳು. ಸಾಲು ಸರಿಯಿತು, ಅವಳೂ ಸರಿದಳು. ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟು, ಹೇಳಬೇಕೆಂದು ಬಾಯಿ ತೆರೆದಳು. ಏನು ಹೇಳಲಿದ್ದಳೋ ದೇವರಿಗೇ ಗೊತ್ತು. ತಮ್ಮನನ್ನು ಹುಡುಕಿಕೊಂಡು ಹಿಂದೊಮ್ಮೆ ಬಂದಿದ್ದ ಅವಳ ಮುಖವನ್ನು ಅಂಗಡಿಯವನು ಗುರುತು ಹಿಡಿದು, ಚಪ್ಪಟೆ ಬಾಟಲಿಯೊಂದನ್ನು ಆಗಲೇ ಎತ್ತಿ ಮುಂದಿಟ್ಟ.

"ತಮ್ಮಂಗೆ ಅಲ್ವಾ? ಮೈ ಹುಷಾರಿಲ್ಲ, ಬರೋಕಾಗಿಲ್ಲ, ಅಲ್ವಾ?" ಎಂದ. ಪ್ರೀತಿಯಿಂದಲೇ ಎಂದ.

ಅವಳ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಹೇಳಬೇಕೆಂದಿದ್ದ ಮಾತು, ಅದು ಏನೇ ಆಗಿರಲಿ, ಗಂಟಲಿನಲ್ಲೇ ಕೂತಿತು. ಇನ್ನೊಬ್ಬರು ನಮ್ಮ ಮಾತನ್ನು ಮುಗಿಸಿಬಿಟ್ಟರೆ ಹೀಗಾಗುತ್ತದೆ: ಸುಳ್ಳು ಎನ್ನಲು ಬಾಯಿ ಬರುವುದಿಲ್ಲ, ನಿಜ ಹೇಳಲು ಜಾಗ ಉಳಿದಿರುವುದಿಲ್ಲ. ತಲೆಯಾಡಿಸಿ ತೆಗೆದುಕೊಂಡು ಹೋಗುವುದೇ ಸುಲಭ. ಎಷ್ಟು ವರ್ಷ ಅವನು ನನ್ನ ಮುಂದೆ ಹೀಗೆ ತಲೆಯಾಡಿಸಿದ್ದಾನೋ ಎಂದು ಅವಳಿಗೆ ಆ ಮಂಪರಿನಲ್ಲೂ ಚುರುಕ್ಕೆಂದಿತು. ಅವಳು ಬಾಟಲಿ ಮುಟ್ಟದೆ ಹಿಂದೆ ಸರಿದಳು. ಹಿಂದಿನವನು ಮುಂದೆ ಬಂದ.

ಅವರ ಮನೆ ಕಟ್ಟಡದ ತುದಿಯಂತಸ್ತಿನಲ್ಲಿತ್ತು. ಬಾಗಿಲು ತೆಗೆದರೆ ತಮ್ಮ ಮೇಜಿನ ಮುಂದೆ ಕೂತಿದ್ದ, ಕೈಪಿಡಿ ತೆರೆದಿತ್ತು, ಕಿಟಕಿಯಲ್ಲಿ ಆಕಾಶ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಯಾಕೆ ತಡ ಎಂದು ಕೇಳಿದ. ಅವನು ಕೂತಿದ್ದದ್ದು ಅವಳ ಕುರ್ಚಿಯಲ್ಲಿ, ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆಂದು. ಅವಳು ಹೋಗಿ ಅವನ ಕುರ್ಚಿಯಲ್ಲಿ ಕೂತಳು. ಎಡಭುಜ ಇಳಿಬಿತ್ತು.

ಅವನು ಎಂದಿನ ಗಂಭೀರ ದನಿಯಲ್ಲಿ ಓದಿದ: ಕುಡಿಯಲು ಶುರುಮಾಡಿದ್ದು ಯಾವಾಗ?

"ಹೆಂಡತಿ ಬಿಟ್ಟುಹೋದ ಮೇಲೆ" ಎಂದಳು ಅವಳು.

ಇದು ಪಾಠವಲ್ಲ. ಪಾಠದ ಪ್ರಕಾರ ಅವಳು ಮುಂದಿನ ಪ್ರಶ್ನೆ ಒಪ್ಪಿಸಬೇಕಿತ್ತು. ಅವನು ತಲೆಯೆತ್ತಿದ. ಅವಳ ಭುಜ ನೋಡಿದ, ಬೆರಳು ಉಜ್ಜುತ್ತಿದ್ದ ಹೆಬ್ಬೆರಳು ನೋಡಿದ, ಆಮೇಲೆ ತನ್ನ ಹೆಬ್ಬೆರಳನ್ನೂ ನೋಡಿಕೊಂಡ. ಕನ್ನಡಿಯ ಮುಂದೆ ಹಠಾತ್ತನೆ ನಿಂತವರ ಮುಖ ಅವನದಾಗಿತ್ತು.

"ಅಲ್ಲ" ಎಂದ. "ಅದಕ್ಕೂ ಮುಂಚೆ. ಅವಳು ಹೋಗಿದ್ದೇ ಅದಕ್ಕೆ."

ಪುಟದ ಮೇಲೆ ಬೆರಳಿಟ್ಟು ಮುಂದಿನ ಪ್ರಶ್ನೆ ಓದಿದ. ಯಾಕೆ ಕುಡಿಯುತ್ತೀರಿ? ಮರೆಯುವುದಕ್ಕೆ ಎಂದಳು ಅವಳು, ಅವನ ದನಿಯಲ್ಲಿ. ಏನನ್ನು ಮರೆಯುವುದಕ್ಕೆ ಎಂದು ಅವನು ಕೇಳಿದ. ಅದು ಕೈಪಿಡಿಯಲ್ಲಿರಲಿಲ್ಲ, ಅವನ ಸ್ವಂತದ್ದು. ಅವನ ಬದುಕಿನ ಕಥೆಯನ್ನು ಇಷ್ಟು ವರ್ಷ ಊರಿಗೆಲ್ಲ ಹೇಳಿದವಳಿಗೆ ಅದರ ನಡುವಿನ ಪುಟವೇ ಗೊತ್ತಿರಲಿಲ್ಲ.

"ಮರೆಯೋಕೇನೂ ಇಲ್ಲ ಅಕ್ಕ" ಎಂದ ಅವನು. "ಲಿಫ್ಟು ನೆಲದ ಸಮಕ್ಕೆ ನಿಲ್ಲಬೇಕು, ಗೊತ್ತಾ. ಒಂದು ಬೆರಳು ಮೇಲೆ ನಿಂತ್ರೂ ಎಡವ್ತೀವಿ, ಒಂದು ಬೆರಳು ಕೆಳಗೆ ನಿಂತ್ರೂ ಎಡವ್ತೀವಿ. ನಾನು ಚಿಕ್ಕವನಿದ್ದಾಗಿಂದ್ಲೂ ಒಂದು ಬೆರಳು ಕೆಳಗೇ ನಿಂತಿರ್ತೀನಿ. ಎಲ್ಲರ ಜೊತೆ. ಮೊದಲ ಸಲ ಕುಡಿದಾಗ ಸಮಕ್ಕೆ ನಿಂತೆ. ಬಾಗಿಲು ತೆಗೀತು, ಸುಮ್ನೆ ನಡ್ಕೊಂಡು ಹೊರಗೆ ಬಂದೆ. ಅಷ್ಟೇ. ಈಗ ಎಷ್ಟು ಕುಡಿದ್ರೂ ಅದು ಬರಲ್ಲ. ಬರತ್ತೇನೋ ಅಂತ ಕಾಯ್ತಾ ಕುಡೀತೀನಿ."

ಇಷ್ಟು ಉದ್ದದ ಮಾತಾಡಿ ಅವನಿಗೇ ನಾಚಿಕೆಯಾಗಿ ಪುಟ ಮಗುಚಿದ. ಕಿಟಕಿಯ ಹೊರಗೆ ಎದುರು ಕಟ್ಟಡದ ಮನೆಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಅವನ ಒಂದೊಂದು 'ಅಲ್ಲ'ಕ್ಕೂ ಅವಳ ಮೈಮೇಲಿದ್ದ ಅವನು ಎಳೆ ಎಳೆಯಾಗಿ ಬಿಚ್ಚಿಕೊಂಡು ಹೋಗುತ್ತಿದ್ದ. ಭುಜ ಮೇಲೆದ್ದಿತ್ತು, ಬೆರಳು ನಿಂತಿತ್ತು. ಅವಳು ಹಾಕಿಕೊಂಡಿದ್ದದ್ದು ಅವನನ್ನಲ್ಲ, ಅವನೆಂದು ತಾನು ಹೊಲಿದಿದ್ದ ಒಂದು ಅಂಗಿಯನ್ನು. ಅಳತೆ ಎಲ್ಲೂ ಸರಿಯಾಗಿರಲಿಲ್ಲ.

ಬೆಳಿಗ್ಗೆ ಕುಡಿಯುತ್ತೀರಾ ಎಂದು ಅವನು ಓದಿದಾಗ, ಇಲ್ಲ, ಸಂಜೆ ಮಾತ್ರ ಎಂದು ಅವಳು ಹೇಳಿದ್ದು ತನ್ನದೇ ದನಿಯಲ್ಲಿ. ಅದು ಅವಳು ನಂಬಿದ್ದ ಮಾತು. ನಂಬಿಕೊಂಡು ಬದುಕಿದ್ದ ಮಾತು.

ಅವನು ಪುಸ್ತಕ ಮುಚ್ಚಿದ.

"ಬೆಳಗ್ಗೇನೇ. ನೀನು ಸ್ನಾನಕ್ಕೆ ಹೋದಾಗ. ಇಲ್ದಿದ್ರೆ ಕೈ ನಡುಗತ್ತೆ, ಬೆವರು ಬರತ್ತೆ. ನಡುಗೋ ಕೈಯಲ್ಲಿ ಲಿಫ್ಟಿನ ಬ್ರೇಕು ಮುಟ್ಟೋಕಾಗತ್ತಾ? ಜನ ಹತ್ತಿ ಇಳಿಯೋದು." ಸ್ವಲ್ಪ ತಡೆದು ಅಂದ, "ಅವತ್ತು ನನಗೆ ಬಂದಿದ್ದು ಜ್ವರ ಅಲ್ಲ ಅಕ್ಕ. ನೀನು ಎಲ್ಲಾ ಚೆಲ್ಲಿ ಕೂಡಿಹಾಕಿದ್ದಕ್ಕೆ ಬಂದಿದ್ದು. ಒಂದೇ ಸಲ ನಿಲ್ಸಿದ್ರೆ ಫಿಟ್ಸ್ ಬರತ್ತೆ, ಜೀವಾನೂ ಹೋಗಬಹುದು. ನಿನ್ನ ಪುಸ್ತಕದಲ್ಲೇ ಓದ್ದೆ. ಕುಡಿದ್ರೆ ಲಿವರು ಹೋಗಿ ಸಾಯ್ತೀನಿ, ಬಿಟ್ರೆ ಹಾಗೆ ಸಾಯ್ತೀನಿ. ಅದಕ್ಕೇ ಸುಮ್ನಿದ್ದೆ."

ಆ ಪುಟ ಅವಳಿಗೂ ಬಾಯಿಪಾಠವಿತ್ತು. ಅದನ್ನು ಮೇಡಂ ಹೇಳಿಕೊಟ್ಟ ದಿನ ಅವಳು ಚೆನ್ನಾಗಿ ಬರೆದುಕೊಂಡು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ತೆಗೆದಿದ್ದಳು. ಅದು ತನ್ನ ಮನೆಯ ನೆಲದ ಮೇಲೆ, ತನ್ನ ಸೊಂಟದಲ್ಲಿ ಬೀಗದ ಕೈಯಿದ್ದಾಗ ನಡೆದದ್ದು ಎಂದು ಮಾತ್ರ ಹೊಳೆದಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎನ್ನುವುದು ಇದಕ್ಕೇ. ಅವಳು ಅತ್ತಳು. ಅವನು ಅವಳ ಅಳುವನ್ನು ತಡೆಯಲಿಲ್ಲ.

ಆಮೇಲೆ ಕೇಳಿದಳು, ಆ ಪುಟದ ಮುಂದಿನದನ್ನು ಓದಲಿಲ್ಲವೇ ಎಂದು. ಧೈರ್ಯ ಬರಲಿಲ್ಲ ಎಂದ. ಅವಳು ಕೈಪಿಡಿ ನೋಡದೆಯೇ ಹೇಳಿದಳು: ಡಾಕ್ಟರು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರೆ, ನಡುಕಕ್ಕೆ ಔಷಧಿ ಕೊಡುತ್ತಾರೆ, ಕಾವಲಿದ್ದು ಹಂತ ಹಂತವಾಗಿ ಇಳಿಸುತ್ತಾರೆ, ಇಳಿದವರು ಎಷ್ಟೋ ಜನ ಇದ್ದಾರೆ. ಅವನು ಮಗುವಿನಂತೆ ಕೇಳಿದ. ಇಳಿಸುತ್ತಾರೆ ಎಂಬ ಮಾತು ಅವನಿಗೆ ಅರ್ಥವಾಗುವ ಮಾತಾಗಿತ್ತು.

"ಹಾಗಾದ್ರೆ ನೀನೇ ಮಾಡು" ಎಂದ.

"ನಾನು ಮಾಡೋ ಹಾಗಿಲ್ಲ" ಎಂದಳು. ಯಾಕೆ ಎಂದು ಅವನು ಕೇಳಲಿಲ್ಲ. ಈ ಸಂಜೆಯ ನಂತರ ಅದು ಇಬ್ಬರಿಗೂ ಗೊತ್ತಿತ್ತು.

ಬೆಳಿಗ್ಗೆ ಆ ಮನೆಯಲ್ಲಿ ಹಿಂದೆಂದೂ ನಡೆಯದ ಒಂದು ಸಂಗತಿ ನಡೆಯಿತು. ಆಪರೇಟರಮ್ಮ ಸ್ನಾನಕ್ಕೆ ಹೋಗಲಿಲ್ಲ. ಮೇಜಿನ ಮುಂದೆ ಕೂತಳು. ತಮ್ಮ ಒಳಗಿನಿಂದ ಬಾಟಲಿ ತಂದು, ಕೆಳಗಿಡದೆ, ಮೇಜಿನ ಮೇಲೆ ಅವಳ ಚಹಾದ ಲೋಟದ ಪಕ್ಕ ಇಟ್ಟ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಬಾಟಲಿಯ ಬಾಯಿ ಅವನ ಲೋಟಕ್ಕೆ ತಗುಲಿ ಗಂಟೆಯ ಹಾಗೆ ಸದ್ದಾಯಿತು. ಡಾಕ್ಟರು ನೋಡುವ ತನಕ ಒಮ್ಮೆಗೇ ನಿಲ್ಲಿಸಬಾರದು ಎಂದು ಅವಳು ಕಲಿತಿದ್ದಳು. ಕಲಿತದ್ದನ್ನು ಕೂತು ನೋಡುವುದು ಬೇರೆಯೇ ವಿಷಯ. ಬಾಟಲಿಗಳನ್ನು ಮೋರಿಗೆ ಸುರಿದ ಅದೇ ಕೈಗಳನ್ನು ಅವಳು ಮಡಿಲಲ್ಲಿ ಒತ್ತಿ ಹಿಡಿದುಕೊಂಡಿದ್ದಳು. ಅವನು ಕುಡಿದ. ಬಿಸಿಲು ಲೋಟದ ಮೂಲಕ ಹಾದು ಮೇಜಿನ ಮೇಲೆ ಒಂದು ಹೊಂಬಣ್ಣದ ಮಚ್ಚೆಯನ್ನು ಅಲುಗಾಡಿಸಿತು, ನಿಧಾನವಾಗಿ ಅದು ಅಲುಗಾಟ ನಿಲ್ಲಿಸಿತು. ಆಮೇಲೆ ಇಬ್ಬರೂ ಚಪ್ಪಲಿ ಮೆಟ್ಟಿ ಹೊರಟರು.

ಕೇಂದ್ರದಲ್ಲಿ ಮೇಡಂ ಅವಳ ಮಾತನ್ನೆಲ್ಲ ನಿಂತೇ ಕೇಳಿದರು. ಬೈದರು. ಮನೆಯವರ ವೇಷ ಹಾಕಿದ್ದಕ್ಕೆ ಬೈದರು, ಮೇಜಿನ ಮುಂದೆ ಮಾಡಿದ ಕಿತಾಪತಿಗೆ ಇನ್ನೂ ಜೋರಾಗಿ ಬೈದರು. ನಿಮ್ಮ ಅದೃಷ್ಟ ಚೆನ್ನಾಗಿತ್ತು, ಇನ್ನೊಂದು ಸಲ ಹೀಗೆ ಮಾಡಿದರೆ ತರಬೇತಿಯಿಂದ ತೆಗೆದುಹಾಕುತ್ತೇನೆ ಎಂದರು. ಉಸಿರು ತೆಗೆದುಕೊಂಡು, ಬಾಗಿಲಿಗೆ ಅಡ್ಡ ನಿಲ್ಲಬೇಕಾಗಿದ್ದವಳು ನಾನು, ನನ್ನ ತಪ್ಪೂ ಇದೆ ಎಂದರು. ಅಷ್ಟು ಹೊತ್ತಿಗೆ ಡಾಕ್ಟರಿಗೆ ಹೇಳಿಕಳುಹಿಸಿ ಆಗಿತ್ತು, ಒಂದು ಹಾಸಿಗೆಯೂ ಗೊತ್ತಾಗಿತ್ತು. ಅದಕ್ಕೆ ಮುಂಚೆ ಒಂದು ಮಾತುಕತೆ ಆಗಬೇಕು: ಎಷ್ಟು, ಎಂದಿನಿಂದ, ಹೇಗೆ. ಮೇಡಂ ಪಕ್ಕದಲ್ಲಿ ಕೂರುತ್ತಾರೆ, ಕೇಳುವವನು ಪೊಲೀಸಪ್ಪ.

ಮೊಗಸಾಲೆಯಲ್ಲಿ ಒಂದು ಉದ್ದನೆಯ ಬೆಂಚಿತ್ತು. ಅಕ್ಕ, ತಮ್ಮ ಅಲ್ಲಿ ಕೂತರು. ಬಿಳಿ ಗೋಡೆಯ ಮೇಲೆ ಕಿಟಕಿಯ ನೆರಳು ಬಿದ್ದು ನೀರಿನ ಹಾಗೆ ಅಲೆಯುತ್ತಿತ್ತು, ಎಲ್ಲಿಂದಲೋ ಒರೆಸಿದ ನೆಲದ ವಾಸನೆ ಬರುತ್ತಿತ್ತು. ಇನ್ನೂ ಕನಸೇ ಮುಂದುವರಿಯುತ್ತಿದೆಯೇನೋ ಎಂದು ಅವಳಿಗೆ ಅನ್ನಿಸಿತು. ಆದರೆ ಪಕ್ಕದಲ್ಲಿದ್ದವನ ಬೆವರಿನ ವಾಸನೆ ಕನಸಿನದಾಗಿರಲಿಲ್ಲ. ಅವನು ಎರಡು ಸಲ ಎದ್ದು ನಿಂತು ಹೊರಬಾಗಿಲ ಕಡೆ ನೋಡಿ, ಎರಡು ಸಲವೂ ಕೂತ.

ಪೊಲೀಸಪ್ಪ ಬಾಗಿಲು ತೆರೆದು ಹೊರಗೆ ಬಂದ. ಅಷ್ಟೆತ್ತರದ ಆಳು, ಸ್ವಲ್ಪ ಬಗ್ಗಿ, ಬನ್ನಿ ಸರ್, ಒಳಗೆ ಕೂತು ಮಾತಾಡೋಣ ಎಂದ. ಏನು ತೊಂದರೆ ಅಂತ ನೀವೇ ಹೇಳಬೇಕು, ನನಗೇನೂ ಹೇಳಿಲ್ಲ ಇವರು ಎಂದೂ ಸೇರಿಸಿದ. ತಮ್ಮ ಎದ್ದ. ಬಾಗಿಲ ತನಕ ಹೋದ. ಹೊಸ್ತಿಲ ಬಳಿ ಅವನ ಕಾಲು ನಿಂತುಬಿಟ್ಟಿತು. ಅವನು ತಿರುಗಿ ಅಕ್ಕನನ್ನು ನೋಡಿದ. ಬಾಲ್ಯದಲ್ಲಿ ಶಾಲೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅದೇ ನೋಟ.

"ಅಕ್ಕಾ, ನೀನೇ ಹೇಳಿಬಿಡು" ಎಂದ. "ನಿನಗೆ ಎಲ್ಲಾ ಗೊತ್ತಲ್ಲ."

ಅವಳಿಗೆ ಹೇಳಲು ಬರುತ್ತಿತ್ತು. ಒಂದು ಬೆರಳು ಕೆಳಗೆ, ಬೆಳಗಿನ ನಡುಕ, ಜ್ವರವಲ್ಲದ ಜ್ವರ, ಎಲ್ಲವೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಹೇಳಿದ್ದರೆ ಅವನು ತಲೆಯಾಡಿಸುತ್ತಿದ್ದ. ಅವನ ಕಣ್ಣು ಬೇಡುತ್ತಿತ್ತು, ಹೇಳದೆ ಇದ್ದರೆ ಅವನು ಹೊರಬಾಗಿಲಿಗೆ ನಡೆದೇ ಹೋಗಬಹುದಿತ್ತು. ಹೋದರೆ ಅವನು ಮತ್ತೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ನನಗೆ ಗೊತ್ತಿಲ್ಲ ಕಣೋ" ಎಂದಳು.

ಅವನು ನಂಬದೆ ನೋಡಿದ. ಅವಳು ಕಣ್ಣು ತೆಗೆಯಲಿಲ್ಲ. ಪೊಲೀಸಪ್ಪ ಬಾಗಿಲು ಹಿಡಿದು, ಅವಸರವೇ ಇಲ್ಲದವನ ಹಾಗೆ ನಿಂತಿದ್ದ. ತಮ್ಮ ಹೊರಬಾಗಿಲ ಕಡೆ ಒಮ್ಮೆ ನೋಡಿದ, ತನ್ನ ಕೈಗಳನ್ನು ನೋಡಿಕೊಂಡ, ಒಳಗೆ ಹೋದ. ಬಾಗಿಲು ಮುಚ್ಚಿತು.

ಅವಳು ಬೆಂಚಿನ ಅಂಚನ್ನು ಹಿಡಿದು ಕೂತಿದ್ದಳು. ಆಮೇಲೆ ಅವನ ದನಿ ಶುರುವಾಯಿತು. ಮಾತುಗಳು ತಿಳಿಯುತ್ತಿರಲಿಲ್ಲ, ದನಿ ಮಾತ್ರ, ತಡವರಿಸುತ್ತಾ, ನಿಲ್ಲುತ್ತಾ, ಮತ್ತೆ ಹೊರಡುತ್ತಾ. ನಡುವೆ ಬೇರೆ ಯಾರ ದನಿಯೂ ಬರಲಿಲ್ಲ. ತನ್ನ ತಮ್ಮ ಅಷ್ಟು ಹೊತ್ತು ಒಬ್ಬನೇ ಮಾತಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಅವಳು ಕೇಳಿರಲಿಲ್ಲ.